ಕಾಣೆಯಾದವರ ಹೆಸರು ಹುಡುಕಿದ ಕ್ಲಾರಾ ಬಾರ್ಟನ್

ನರ್ಸ್ ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ದೀಪ ಹಿಡಿದು ನಿಂತ ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗುತ್ತಾರೆ. ಪ್ರತಿ ವರ್ಷ ಮೇ 12ರಂದು ಮೇಣದ ಬತ್ತಿ ಹಚ್ಚಿಕೊಂಡು ಪ್ರತಿಜ್ಞೆ ಓದುವ ನಮಗೆ ಅದು ಸಹಜ. ನಾನು ಇಂದು ಹೇಳಹೊರಟಿರುವುದು ಲಾಟೀನು ಹಿಡಿದು ಬಂದ ಇನ್ನೊಬ್ಬರ ಕಥೆ. ಲಾಟೀನಿಗಿಂತಲೂ ಅವರ ಕೈಯಲ್ಲಿದ್ದ ಚಿಕ್ಕ ಪುಸ್ತಕವೊಂದು ನನ್ನನ್ನು ಹೆಚ್ಚು ಕಾಡಿದೆ. ಸಾಯುತ್ತಿದ್ದ ಸಿಪಾಯಿಗಳ ಹೆಸರನ್ನು ಅವರು ಬರೆದಿಟ್ಟುಕೊಂಡ ಪುಸ್ತಕ ಅದು. ಅವರು ಅಮೆರಿಕದ ಕ್ಲಾರಾ ಬಾರ್ಟನ್.

ಇಲ್ಲಿ ಕುಳಿತಿರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ಲಾರಾ ನರ್ಸಿಂಗ್ ಓದಿದವರಲ್ಲ. ಓದಬೇಕೆಂದರೂ ಆಗ ಅವರ ದೇಶದಲ್ಲಿ ಅಂಥ ಶಾಲೆ ಇರಲಿಲ್ಲ. ನೈಟಿಂಗೇಲ್ ಪದ್ಧತಿಯ ಶಾಲೆಗಳು ಅಲ್ಲಿ ಶುರುವಾದದ್ದು 1873ರಲ್ಲಿ. ಅಷ್ಟು ಹೊತ್ತಿಗೆ ಕ್ಲಾರಾ ಯುದ್ಧ ಕಂಡು, ಯುರೋಪಿಗೂ ಹೋಗಿ ಇನ್ನೊಂದು ಯುದ್ಧ ಕಂಡಿದ್ದರು. ಸರ್ಟಿಫಿಕೇಟು ಬೇಡ ಎಂದು ನಾನು ಹೇಳುತ್ತಿಲ್ಲ, ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದ ನನಗೆ ಓದಿನ ಬೆಲೆ ಗೊತ್ತು. ಓದು ಇಲ್ಲದ ಕಾಲದಲ್ಲಿ ಒಬ್ಬ ಹೆಂಗಸು ಈ ಕೆಲಸವನ್ನು ಎಲ್ಲಿಂದ ಕಲಿತರು ಎಂಬುದು ನನ್ನ ಕುತೂಹಲ.

ಕಲಿತದ್ದು ಮನೆಯಲ್ಲಿ. 1821ರ ಡಿಸೆಂಬರ್ 25ರಂದು ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್ ಎಂಬ ಹಳ್ಳಿಯಲ್ಲಿ ಐದು ಮಕ್ಕಳ ಪೈಕಿ ಕೊನೆಯವಳಾಗಿ ಹುಟ್ಟಿದ ಹುಡುಗಿ. ಅಪ್ಪ ಹಿಂದೆ ಸೈನ್ಯದಲ್ಲಿದ್ದವರು, ಮಗಳಿಗೆ ಯುದ್ಧದ ಕಥೆಗಳನ್ನು ಹೇಳುತ್ತಿದ್ದರು. ಹುಡುಗಿಗೆ ಮಾತ್ರ ವಿಪರೀತ ನಾಚಿಕೆ, ಹೊಸಬರ ಎದುರು ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಅಣ್ಣ ಡೇವಿಡ್ ಕೊಟ್ಟಿಗೆ ಕಟ್ಟುವಾಗ ಮೇಲಿನಿಂದ ಬಿದ್ದ. ಜ್ವರ ಬಿಡಲಿಲ್ಲ. ಅಂದಿನ ವೈದ್ಯರಿಗೆ ತಿಳಿದದ್ದು ಜಿಗಣೆ ಹಚ್ಚಿ ರಕ್ತ ತೆಗೆಯುವುದು. ಜಿಗಣೆ ಹಚ್ಚುವುದನ್ನೂ ಹೊತ್ತು ಹೊತ್ತಿಗೆ ಔಷಧಿ ಕೊಡುವುದನ್ನೂ ಆ ಹುಡುಗಿ ಕಲಿತಳು. ಹೆಚ್ಚು ಕಡಿಮೆ ಎರಡು ವರ್ಷ ಅವನ ಹಾಸಿಗೆಯ ಪಕ್ಕ ಬಿಡಲಿಲ್ಲ. ಡೇವಿಡ್ ಬದುಕಿದ. ಅವಳ ನಾಚಿಕೆ ರೋಗಿಯ ಎದುರು ಮಾತ್ರ ಮಾಯವಾಗುತ್ತಿತ್ತು. ಇಂಥವರನ್ನು ನಾನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ತರಗತಿಯಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗಿ, ವಾರ್ಡಿಗೆ ಕಾಲಿಟ್ಟೊಡನೆ ಬೇರೆಯೇ ಆಗಿಬಿಡುತ್ತಾಳೆ.

ನಾಚಿಕೆ ಬಿಡಿಸಲೆಂದೇ ಹದಿನೇಳರ ಆಸುಪಾಸಿನಲ್ಲಿ ಅವರನ್ನು ಶಾಲೆಯಲ್ಲಿ ಪಾಠ ಹೇಳಲು ಹಚ್ಚಿದರು. ಹತ್ತು ವರ್ಷಕ್ಕೂ ಮೀರಿ ಪಾಠ ಹೇಳಿದರು. 1852ರಲ್ಲಿ ನ್ಯೂಜೆರ್ಸಿಯ ಬಾರ್ಡನ್‌ಟೌನ್ ಎಂಬ ಊರಿನಲ್ಲಿ ಶುಲ್ಕವಿಲ್ಲದ ಶಾಲೆ ತೆರೆದರು. ಮೊದಲ ದಿನ ಬಂದ ಮಕ್ಕಳು ಆರು. ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ನೂರಾರು ಆಯಿತು, ಊರಿನವರು ಹೊಸ ಕಟ್ಟಡವನ್ನೇ ಕಟ್ಟಿದರು. ಕಟ್ಟಿ, ಇಷ್ಟು ದೊಡ್ಡ ಶಾಲೆಯನ್ನು ಹೆಂಗಸು ನಡೆಸುವುದು ಸರಿಯಲ್ಲವೆಂದು ಒಬ್ಬ ಗಂಡಸನ್ನು ಮುಖ್ಯೋಪಾಧ್ಯಾಯನಾಗಿ ತಂದು ಕೂರಿಸಿದರು. ಅವನಿಗೆ ಕ್ಲಾರಾಗಿಂತ ಎಷ್ಟೋ ಹೆಚ್ಚು ಸಂಬಳ. ಅವರು ಶಾಲೆ ಬಿಟ್ಟು ಹೊರಟರು. ಒಮ್ಮೊಮ್ಮೆ ಸಂಬಳವಿಲ್ಲದೆಯೂ ಪಾಠ ಹೇಳಿಯೇನು, ಆದರೆ ಸಂಬಳವೆಂದು ಕೊಟ್ಟರೆ ಗಂಡಸಿನ ಕೆಲಸವನ್ನು ಗಂಡಸಿನ ಸಂಬಳಕ್ಕಿಂತ ಕಡಿಮೆಗೆ ಮಾಡಲಾರೆ ಎಂದು ಅವರು ಹೇಳಿದ ಮಾತು ಈಗಲೂ ಚಾಲ್ತಿಯಲ್ಲಿದೆ. ನೂರ ಎಪ್ಪತ್ತು ವರ್ಷ ಕಳೆದಿದೆ, ಆ ಮಾತಿಗೆ ಹಳೆಯದಾಗಲು ನಾವಿನ್ನೂ ಬಿಟ್ಟಿಲ್ಲ.

ಅಲ್ಲಿಂದ ರಾಜಧಾನಿ ವಾಷಿಂಗ್‌ಟನ್ನಿಗೆ. ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ವರ್ಷಕ್ಕೆ 1,400 ಡಾಲರ್, ಗಂಡಸರಿಗೆ ಸಮನಾದ ಸಂಬಳ. ಸರಕಾರಿ ಕಚೇರಿಯಲ್ಲಿ ಹೆಂಗಸರು ಕಾಣುವುದೇ ಅಪರೂಪವಾಗಿದ್ದ ಕಾಲ. ಕಚೇರಿಯ ಗಂಡಸರು ಓಣಿಯಲ್ಲಿ ಸಾಲಾಗಿ ನಿಂತು ಮುಖಕ್ಕೆ ಹೊಗೆ ಬಿಡುತ್ತಿದ್ದರಂತೆ. ಮೇಲಿನ ಮಂತ್ರಿಗೂ ಹೆಂಗಸರು ಕಚೇರಿಯಲ್ಲಿರುವುದು ಇಷ್ಟವಿರಲಿಲ್ಲ. ಅವರ ಹುದ್ದೆಯನ್ನು ನಕಲು ಮಾಡುವ ಕೆಲಸಕ್ಕೆ ಇಳಿಸಿದರು. ನೂರು ಪದ ಬರೆದರೆ ಹತ್ತು ಸೆಂಟ್. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹಾಳೆಗಟ್ಟಲೆ ಬರೆಯುತ್ತಾ ಕುಳಿತರು. ಅವಮಾನಕ್ಕೆಂದು ಕೊಟ್ಟ ಈ ಕೆಲಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಕೈ ಸಾವಿರಾರು ಮನೆಗಳಿಗೆ ಉತ್ತರ ಬರೆಯಲಿದೆ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ಏಪ್ರಿಲ್ 19ರಂದು ಬಾಲ್ಟಿಮೋರ್ ನಗರದಲ್ಲಿ ಜನರ ಗುಂಪು ಮ್ಯಾಸಚೂಸೆಟ್ಸ್‌ನ ಆರನೆಯ ಪಡೆಯ ಮೇಲೆ ಬಿತ್ತು. ಪೆಟ್ಟು ತಿಂದು, ಗಂಟುಮೂಟೆ ಕಳೆದುಕೊಂಡ ಸಿಪಾಯಿಗಳು ವಾಷಿಂಗ್‌ಟನ್ ತಲುಪಿದಾಗ ಅವರನ್ನು ಇಳಿಸಲು ಜಾಗವಿಲ್ಲದೆ ಸಂಸತ್ತಿನ ಸೆನೆಟ್ ಸಭಾಂಗಣದಲ್ಲೇ ಇರಿಸಿದರು. ಕ್ಲಾರಾ ನೋಡಲು ಹೋದರೆ ಅದರಲ್ಲಿ ಕೆಲವರು ಪರಿಚಿತ ಮುಖಗಳು, ತಮ್ಮ ಊರ ಕಡೆಯ ಹುಡುಗರು, ತಾವೇ ಪಾಠ ಹೇಳಿದವರು. ಮನೆಯ ಹಳೆಯ ಬಟ್ಟೆ ಹರಿದು ಕರವಸ್ತ್ರ ಮಾಡಿದರು. ಸೂಜಿ, ದಾರ, ಸಾಬೂನು, ತಿನಿಸು ಹೊತ್ತು ತಂದರು. ಊರಿನ ಪತ್ರಿಕೆಯ ಪ್ರತಿಯೊಂದು ಕೈಗೆ ಸಿಕ್ಕಿತ್ತು. ಸೆನೆಟ್ ಅಧ್ಯಕ್ಷರ ಪೀಠದ ಬಳಿ ಕುಳಿತು ಅದನ್ನು ಗಟ್ಟಿಯಾಗಿ ಓದಿದರು, ಹುಡುಗರು ಸುತ್ತ ಕುಳಿತು ಕೇಳಿದರು. ಅವರ ಯುದ್ಧ ಸೇವೆ ಹೀಗೆ ಊರಿನ ಸುದ್ದಿ ಓದುವುದರಿಂದ ಶುರುವಾಯಿತು.

ಮುಂದಿನ ಒಂದು ವರ್ಷ ಅವರು ಸಾಮಾನು ಸಂಗ್ರಹಿಸಿದರು. ಬ್ಯಾಂಡೇಜು, ಜಾಮಿನ ಸೀಸೆ, ಬಟ್ಟೆ, ಒಣ ತಿಂಡಿ ಎಂದು ಕೋಣೆಗಳು ತುಂಬಿದವು. ಆದರೆ ಗಾಯಾಳುಗಳು ರಾಜಧಾನಿಯ ಆಸ್ಪತ್ರೆಗೆ ಬರುವಷ್ಟರಲ್ಲಿ ಗಾಯ ಕೊಳೆತಿರುತ್ತಿತ್ತು, ಎಷ್ಟೋ ಜನ ದಾರಿಯಲ್ಲೇ ನೀರಿಲ್ಲದೆ ಸತ್ತಿರುತ್ತಿದ್ದರು. ಆರೈಕೆ ಬೇಕಾದದ್ದು ಬಿದ್ದ ಜಾಗದಲ್ಲಿ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಆದರೆ ಒಂಟಿ ಹೆಂಗಸು ರಣರಂಗಕ್ಕೆ ಹೋಗುವುದೇ? ಜನ ಏನೆಂದಾರು? ಈ ತೊಳಲಾಟದಲ್ಲಿದ್ದವರಿಗೆ ಧೈರ್ಯ ಹೇಳಿದ್ದು 1862ರ ಮಾರ್ಚ್‌ನಲ್ಲಿ ಕೊನೆಯುಸಿರೆಳೆದ ತಂದೆ. ಸಿಪಾಯಿಗಳನ್ನು ನಾನು ಬಲ್ಲೆ, ನೀನು ಹೋಗು, ನಿನ್ನನ್ನು ಗೌರವದಿಂದ ಕಾಣುತ್ತಾರೆ ಎಂಬುದು ಆ ಮಾತಿನ ಸಾರ. ಅದೇ ಆಗಸ್ಟ್‌ನಲ್ಲಿ ಸೈನ್ಯದ ಸರಬರಾಜು ವಿಭಾಗದಿಂದ ಬಂಡಿಗಳೂ ಪರವಾನಗಿಯೂ ಸಿಕ್ಕಿದವು.

ವರ್ಜೀನಿಯಾದ ಸೀಡರ್ ಮೌಂಟನ್ ಕಾಳಗ ನಡೆದು ಕೆಲವು ದಿನಗಳಾಗಿತ್ತು. ನಡುರಾತ್ರಿಯ ಹೊತ್ತಿಗೆ ಕ್ಲಾರಾ ಅವರ ಬಂಡಿ ಆಸ್ಪತ್ರೆಯ ಮುಂದೆ ನಿಂತಿತು. ಬ್ಯಾಂಡೇಜು ಪೂರ್ತಿ ಮುಗಿದು ಕೈಚೆಲ್ಲಿ ಕುಳಿತಿದ್ದ ಜೇಮ್ಸ್ ಡನ್ ಎಂಬ ಸರ್ಜನ್, ಸ್ವರ್ಗದಿಂದ ದೇವತೆಯನ್ನು ಕಳಿಸಿದ್ದೇ ಆದರೆ ಅದು ಈಕೆಯೇ ಇರಬೇಕು ಎಂಬ ಅರ್ಥದಲ್ಲಿ ಮನೆಗೆ ಕಾಗದ ಬರೆದ. ರಣರಂಗದ ದೇವತೆ ಎಂಬ ಬಿರುದು ಬೆಳೆದದ್ದು ಆ ಕಾಗದದಿಂದ. ನನಗೆ ಆ ಬಿರುದು ಅಷ್ಟು ಹಿಡಿಸುವುದಿಲ್ಲ. ದೇವತೆ ಎಂದು ಕೈ ಮುಗಿದುಬಿಟ್ಟರೆ ಆ ಬಂಡಿಯಲ್ಲಿ ಏನೇನಿತ್ತು, ಯಾರು ಜೋಡಿಸಿದರು, ಎಷ್ಟು ತಿಂಗಳು ಕೂಡಿಹಾಕಿದರು ಎಂದು ಯಾರೂ ಕೇಳುವುದಿಲ್ಲ.

ಹಾಗಾಗಿ ಸಾಮಾನಿನ ಲೆಕ್ಕವನ್ನೇ ಕೇಳಿ. ಅದೇ ಆಗಸ್ಟ್ ಕೊನೆಯಲ್ಲಿ ಬುಲ್ ರನ್‌ನ ಎರಡನೆಯ ಕಾಳಗ ನಡೆಯಿತು. ಫೇರ್‌ಫ್ಯಾಕ್ಸ್ ರೈಲು ನಿಲ್ದಾಣದ ಬಳಿ ಗುಡ್ಡದ ಇಳಿಜಾರಿನಲ್ಲಿ ಒಣಹುಲ್ಲು ಹರಡಿ ಅದರ ಮೇಲೆ ಗಾಯಾಳುಗಳನ್ನು ಮಲಗಿಸಿದ್ದರು. ಕ್ಲಾರಾ ಬಳಿ ಆಗ ಏನಿತ್ತು ಎಂಬುದನ್ನು ಅವರೇ ಎಣಿಸಿ ಹೇಳಿದ್ದಾರೆ: ಎರಡು ಬಕೆಟ್, ಐದು ತಗಡಿನ ಲೋಟ, ಒಂದು ನೀರು ಕಾಯಿಸುವ ಪಾತ್ರೆ, ಒಂದು ಬೇಯಿಸುವ ಪಾತ್ರೆ, ಎರಡು ಲಾಟೀನು, ನಾಲ್ಕು ಚಾಕು, ಮೂರು ತಟ್ಟೆ, ಒಂದು ತಗಡಿನ ಬೋಗುಣಿ. ಉಣಿಸಬೇಕಾದವರು 3,000 ಜನ. ಜಾಮು ಖಾಲಿಯಾದಂತೆ ಆ ಸೀಸೆಗಳನ್ನೇ ಲೋಟ ಮಾಡಿಕೊಂಡು ನೀರು ಕುಡಿಸಿದರು. ರಾತ್ರಿ ಮೇಣದ ಬತ್ತಿ ಹಿಡಿದು ಸಾಲುಗಳ ನಡುವೆ ನಡೆಯುವಾಗ ಒಂದೇ ಭಯ, ಯಾರ ಕೈಯಿಂದಾದರೂ ಬತ್ತಿ ಜಾರಿದರೆ ಹುಲ್ಲಿಗೆ ಬೆಂಕಿ ಹತ್ತಿ ಅಷ್ಟೂ ಜನ ಸುಟ್ಟುಹೋಗುತ್ತಾರೆ. ಆ ರಾತ್ರಿ ಹಾಗೆ ಆಗಲಿಲ್ಲ. ಆದರೆ ಕ್ಲಾರಾ ಅದನ್ನು ಮರೆಯಲೂ ಇಲ್ಲ. ಮುಂದಿನ ಸಲ ಹೊರಡುವಾಗ ಲಾಟೀನುಗಳನ್ನು ಲೆಕ್ಕ ಹಾಕಿ ಬಂಡಿಗೇರಿಸಿದರು.

ಮುಂದಿನ ಸಲ ಎಂದರೆ 1862ರ ಸೆಪ್ಟೆಂಬರ್ 17, ಆಂಟಿಟಮ್. ಅಮೆರಿಕದ ಇತಿಹಾಸದಲ್ಲಿ ಒಂದೇ ದಿನ ಅಷ್ಟು ರಕ್ತ ಹರಿದದ್ದು ಇನ್ನೊಂದಿಲ್ಲ. ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000. ಸೈನ್ಯ ಸಾಗುವಾಗ ಮದ್ದುಗುಂಡಿನ ಬಂಡಿ ಮುಂದೆ, ಆಹಾರದ್ದು ಅದರ ಹಿಂದೆ, ಆಸ್ಪತ್ರೆಯ ಸಾಮಾನು ಎಲ್ಲಕ್ಕಿಂತ ಹಿಂದೆ. ಗಾಯಾಳುವಿಗೆ ಬೇಕಾದದ್ದು ಎರಡು ಮೂರು ದಿನ ತಡವಾಗಿಯೇ ಬರಬೇಕು. ಕ್ಲಾರಾ ಏನು ಮಾಡಿದರು ಗೊತ್ತೇ? ಕಾಳಗಕ್ಕೆ ಮೊದಲು ಒಂದು ರಾತ್ರಿ ಎಲ್ಲ ಬಂಡಿಗಳೂ ರಸ್ತೆ ಬದಿಗೆ ನಿಂತು ಜನ ಮಲಗಿದ್ದಾಗ ತಮ್ಮ ಹೇಸರಗತ್ತೆಗಳಿಗೆ ಮೇವು ಹಾಕಿಸಿ, ಒಂದು ಗಂಟೆಯ ಹೊತ್ತಿಗೆ ಹೊರಟು, ಮಲಗಿದ್ದ ಬಂಡಿಗಳ ಸಾಲನ್ನು ದಾಟಿಕೊಂಡು ಬೆಳಗಾಗುವಷ್ಟರಲ್ಲಿ ಫಿರಂಗಿಗಳ ಹಿಂದೆ ಹೋಗಿ ನಿಂತರು.

ಒಂದು ತೋಟದ ಮನೆಯ ಅಂಗಳದಲ್ಲಿ ಸರ್ಜನ್‌ಗಳು ಕೆಲಸ ಮಾಡುತ್ತಿದ್ದರು. ಅಲ್ಲಿದ್ದವನು ಅದೇ ಡಾಕ್ಟರ್ ಡನ್. ಬ್ಯಾಂಡೇಜು ಮುಗಿದು, ಹಸಿ ಜೋಳದ ಎಲೆಗಳನ್ನು ಗಾಯದ ಮೇಲಿಟ್ಟು ಕಟ್ಟುತ್ತಿದ್ದರು. ಬಂಡಿಯಿಂದ ಬಟ್ಟೆ ಇಳಿಯಿತು. ಒಬ್ಬ ಗಾಯಾಳು ನೀರು ಕೇಳಿದ. ಕ್ಲಾರಾ ಬಲಗೈಯಿಂದ ಅವನ ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಿದ್ದರು. ಗುಂಡೊಂದು ಅವರ ಮೈಗೂ ತೋಳಿಗೂ ನಡುವೆ ಹಾದು, ತೋಳಿನ ಬಟ್ಟೆಯನ್ನು ತೂತು ಮಾಡಿ, ಆ ಹುಡುಗನ ಎದೆಯನ್ನು ಹೊಕ್ಕಿತು. ಅವನು ಅಲ್ಲೇ ಹೋದ. ಆ ತೂತನ್ನು ನಾನೆಂದೂ ಹೊಲಿಯಲಿಲ್ಲ ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಇನ್ನೊಬ್ಬನ ಕೆನ್ನೆಯಲ್ಲಿ ಗುಂಡು ಸಿಕ್ಕಿಕೊಂಡಿತ್ತು. ಡಾಕ್ಟರ ಸರದಿ ಬರುವವರೆಗೆ ತಾಳಲಾರೆ, ನೀವೇ ತೆಗೆಯಿರಿ ಎಂದು ಅಂಗಲಾಚಿದ. ಜೇಬಿನ ಚಾಕುವಿನಿಂದ ತೆಗೆದರು.

ಊಟಕ್ಕೆ ತಂದಿದ್ದ ರೊಟ್ಟಿ ಮುಗಿಯಿತು. ಉಳಿದದ್ದು ವೈನ್ ಸೀಸೆಗಳ ಪೆಟ್ಟಿಗೆಗಳು. ಮೊದಲು ತೆರೆದ ಪೆಟ್ಟಿಗೆಗಳಲ್ಲಿ ಸೀಸೆ ಒಡೆಯದಂತೆ ಮರದ ಹೊಟ್ಟು ತುಂಬಿದ್ದರು. ಕೊನೆಯ ಮೂರರಲ್ಲಿ ಹೊಟ್ಟಿನ ಬದಲು ಮೆಕ್ಕೆಜೋಳದ ಹಿಟ್ಟು! ಆ ಮನೆಯ ನೆಲಮಾಳಿಗೆಯಲ್ಲಿ ಇನ್ನಷ್ಟು ಹಿಟ್ಟಿನ ಪೀಪಾಯಿಗಳೂ ಉಪ್ಪೂ ಸಿಕ್ಕಿದವು. ದೊಡ್ಡ ಪಾತ್ರೆಗಳಲ್ಲಿ ಗಂಜಿ ಕಾಯಿಸಿ ರಾತ್ರಿಯೆಲ್ಲ ಬಡಿಸಿದರು. ಗಂಜಿಯ ಬೆಲೆ ಏನೆಂದು ನಮ್ಮ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

ಕತ್ತಲಾಯಿತು. ಡನ್ ಮೇಜಿನ ಮುಂದೆ ತಲೆ ಹಿಡಿದು ಕುಳಿತಿದ್ದ. ಎದುರಿಗೆ ಮೇಣದ ಬತ್ತಿಯ ಚಿಕ್ಕದೊಂದು ತುಂಡು. ಇಷ್ಟೇ ಬೆಳಕು ಉಳಿದಿರುವುದು, ಹೊರಗೆ ಸಾವಿರ ಜನ ಇದ್ದಾರೆ, ಬೆಳಗಾಗುವಷ್ಟರಲ್ಲಿ ಅರ್ಧ ಜನ ಸಾಯುತ್ತಾರೆ ಎಂದು ಗೋಳಾಡಿದ. ಕ್ಲಾರಾ ಅವನನ್ನು ಬಾಗಿಲ ಬಳಿಗೆ ಕರೆದುಕೊಂಡು ಹೋಗಿ ಕೊಟ್ಟಿಗೆಯ ಕಡೆ ತೋರಿಸಿದರು. ಅಲ್ಲಿ ಸಾಲು ಲಾಟೀನುಗಳು ಉರಿಯುತ್ತಿದ್ದವು. ಮೂರು ವಾರದ ಹಿಂದೆ ಒಣಹುಲ್ಲಿನ ಗುಡ್ಡದ ಮೇಲೆ ಹೆದರಿ ಕಲಿತ ಪಾಠ ಅದು. ನಾನು ಮೊದಲು ಹೇಳಿದ ಲಾಟೀನು ಇದೇ. ಬೇಕಾದ ಸಾಮಾನಿಗಾಗಿ ಉಗ್ರಾಣಕ್ಕೆ ಇಂಡೆಂಟ್ ಬರೆಯುವುದು ಗುಮಾಸ್ತರ ಕೆಲಸ ಎಂದು ಬೇಸರಪಡುವ ಹೊಸ ಸಿಸ್ಟರುಗಳಿಗೆ ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿದ್ದೇನೆ.

ಆಂಟಿಟಮ್ ಮುಗಿಸಿ ವಾಷಿಂಗ್‌ಟನ್ನಿಗೆ ಮರಳಿದವರು ಟೈಫಾಯಿಡ್ ಜ್ವರದಲ್ಲಿ ಮಲಗಿದರು. ಎದ್ದವರೇ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್‌ಗೆ ಹೋದರು. ಅಲ್ಲಿ ನದಿಯ ದಂಡೆಯ ದೊಡ್ಡ ಮನೆಯೊಂದು ಆಸ್ಪತ್ರೆಯಾಗಿತ್ತು. ಹನ್ನೆರಡು ಕೋಣೆಗಳಲ್ಲಿ, ಜಗಲಿಯಲ್ಲಿ, ಮೆಟ್ಟಿಲ ಸಂದಿಯಲ್ಲಿ, ಅಡುಗೆಮನೆಯ ಕಪಾಟಿನ ಹಲಗೆಗಳ ಮೇಲೂ ಗಾಯಾಳುಗಳು. ಒಬ್ಬನ ಪಕ್ಕದಿಂದ ಎದ್ದು ಇನ್ನೊಬ್ಬನ ಕಡೆ ಹೋಗುವ ಮುನ್ನ ಲಂಗದ ಅಂಚಿನಿಂದ ರಕ್ತ ಹಿಂಡಬೇಕಾಗುತ್ತಿತ್ತು, ಇಲ್ಲದಿದ್ದರೆ ಅದರ ಭಾರಕ್ಕೆ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಆ ಮನೆಯಲ್ಲಿ ಸತ್ತವರ ಹೆಸರು ಮತ್ತು ಅವರನ್ನು ಹೂತ ಜಾಗವನ್ನು ಕ್ಲಾರಾ ತಮ್ಮ ದಿನಚರಿಯ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

1863ರಲ್ಲಿ ಚಾರ್ಲ್ಸ್‌ಟನ್ ಮುತ್ತಿಗೆಯ ಕಡೆ, 1864ರಲ್ಲಿ ವರ್ಜೀನಿಯಾದ ಜೇಮ್ಸ್ ನದಿಯ ಸೈನ್ಯದಲ್ಲಿ ದುಡಿದರು. ಅದನ್ನೆಲ್ಲ ವಿವರಿಸುತ್ತಾ ಹೋದರೆ ಹೊತ್ತು ಸಾಲದು. ನನಗೆ ಆ ಪುಸ್ತಕದ ಹಿಂದೆ ಹೋಗಬೇಕಾಗಿದೆ.

ಅದಕ್ಕೆ ಮೊದಲು ನನ್ನದೇ ಒಂದು ಸಂಗತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಬಸ್ ಅಪಘಾತದ ಗಾಯಾಳುಗಳು ಕ್ಯಾಷುಯಲ್ಟಿಗೆ ಬಂದರು. ಒಬ್ಬ ಯುವಕನಿಗೆ ಪ್ರಜ್ಞೆಯಿಲ್ಲ, ಜೇಬಿನಲ್ಲಿ ಏನೂ ಇಲ್ಲ. ಕೇಸ್ ಶೀಟಿನಲ್ಲಿ ‘ಅಪರಿಚಿತ ಗಂಡಸು, ಸುಮಾರು 25 ವರ್ಷ’ ಎಂದು ಬರೆದೆ. ಬೆಳಗಿನ ಜಾವ ತೀರಿಕೊಂಡ. ಮೂರನೆಯ ದಿನ ಹಳ್ಳಿಯಿಂದ ಒಬ್ಬ ತಾಯಿ ಬಂದು ವಾರ್ಡುಗಳನ್ನೆಲ್ಲ ಸುತ್ತಿ, ನನ್ನ ಮುಂದೆ ನಿಂತು, ‘ಅಕ್ಕಾ, ನನ್ನ ಮಗನ ಎಡಗೈಯಲ್ಲಿ ಸುಟ್ಟ ಕಲೆ ಇದೆ, ನೀವು ನೋಡಿದಿರಾ?’ ಎಂದು ಕೇಳಿದಳು. ನಾನು ಆ ರಾತ್ರಿ ಅವನ ನಾಡಿ ಬರೆದಿದ್ದೆ, ರಕ್ತದೊತ್ತಡ ಬರೆದಿದ್ದೆ. ಕೈಯ ಕಲೆ ಬರೆದಿರಲಿಲ್ಲ. ಶವಾಗಾರದಲ್ಲಿ ಅವಳೇ ಗುರುತು ಹಿಡಿದಳು. ಅಳುತ್ತಲೇ, ಸಿಕ್ಕಿದನಲ್ಲ ಎಂದಳು. ಆ ಮಾತಿನ ತೂಕ ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಕ್ಲಾರಾ ಬಾರ್ಟನ್ ಅವರ ಬದುಕನ್ನು ಓದುವಾಗ ಆ ತಾಯಿ ಮತ್ತೆ ಬಂದು ನನ್ನ ಮುಂದೆ ನಿಂತಳು.

ಅಂತರ್ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಸಿಪಾಯಿಯ ಕತ್ತಿನಲ್ಲಿ ಹೆಸರಿನ ಬಿಲ್ಲೆ ಇರುವ ಪದ್ಧತಿ ಆಗ ಇರಲಿಲ್ಲ. ಅಮೆರಿಕದ ಸೈನ್ಯಕ್ಕೆ ಅದು ಬಂದದ್ದು 1906ರಲ್ಲಿ. ದೊಡ್ಡ ಕಾಳಗದ ಹಿಂದಿನ ರಾತ್ರಿ ಸಿಪಾಯಿಗಳು ಚೀಟಿಯಲ್ಲಿ ಹೆಸರು, ಊರು ಬರೆದು ಅಂಗಿಯ ಬೆನ್ನಿಗೆ ಹೊಲಿದುಕೊಳ್ಳುತ್ತಿದ್ದರಂತೆ. ಒಮ್ಮೆ ಯೋಚಿಸಿ, ಬೆಳಗ್ಗೆ ತನ್ನ ಹೆಣವನ್ನು ಎತ್ತುವವನಿಗಾಗಿ ಇಪ್ಪತ್ತು ವರ್ಷದ ಹುಡುಗ ತನ್ನ ಹೆಸರು ಬರೆಯುತ್ತಿದ್ದಾನೆ. ಸಾವಿನ ಸುದ್ದಿಯನ್ನು ಮನೆಗೆ ತಿಳಿಸಬೇಕಾದ ಇಲಾಖೆಯೂ ಇರಲಿಲ್ಲ. ಗೆಳೆಯರೋ, ಮೇಲಧಿಕಾರಿಯೋ, ದಾದಿಯೋ ಮನಸ್ಸು ಮಾಡಿ ಕಾಗದ ಬರೆದರೆ ಉಂಟು. ಒಕ್ಕೂಟದ, ಅಂದರೆ ಉತ್ತರದವರ ಕಡೆ ಹೂಳಲ್ಪಟ್ಟ ಸಿಪಾಯಿಗಳಲ್ಲಿ ಸುಮಾರು ಅರ್ಧದಷ್ಟು ಗೋರಿಗಳಿಗೆ ಹೆಸರೇ ಇರಲಿಲ್ಲ.

ರಣರಂಗದಲ್ಲಿ ಕಂಡ ಹೆಂಗಸು ಎಂದು ಜನ ಕ್ಲಾರಾಗೆ ಬರೆಯತೊಡಗಿದರು: ನನ್ನ ಗಂಡನನ್ನು ನೋಡಿದಿರಾ, ನನ್ನ ಮಗನನ್ನು ನೋಡಿದಿರಾ. 1865ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಂಕನ್, ಕಾಣೆಯಾದವರ ಬಂಧುಗಳು ಮಿಸ್ ಕ್ಲಾರಾ ಬಾರ್ಟನ್ ಅವರಿಗೆ ವಿವರ ಬರೆಯಿರಿ ಎಂದು ಪ್ರಕಟಣೆ ಕೊಟ್ಟರು. ವಾಷಿಂಗ್‌ಟನ್ನಿನ ಏಳನೆಯ ಬೀದಿಯಲ್ಲಿ ತಾವು ಬಾಡಿಗೆಗಿದ್ದ ಕೋಣೆಗಳಲ್ಲೇ ಅವರು ಕಚೇರಿ ತೆರೆದರು. ಕಾಣೆಯಾದವರ ಹೆಸರುಗಳನ್ನು ರಾಜ್ಯವಾರು ಪಟ್ಟಿ ಮಾಡಿ ಮುದ್ರಿಸಿ ಅಂಚೆ ಕಚೇರಿಗಳಲ್ಲಿ ಅಂಟಿಸಿದರು, ಪತ್ರಿಕೆಗಳಿಗೆ ಕಳಿಸಿದರು. ಇವನನ್ನು ಕಂಡವರು ಯಾರಾದರೂ ಇದ್ದರೆ ಬರೆಯಿರಿ ಎಂದು ಮನೆಗೆ ಮರಳಿದ ಸಿಪಾಯಿಗಳನ್ನು ಬೇಡಿಕೊಂಡರು. ನಾಲ್ಕು ವರ್ಷಗಳಲ್ಲಿ ಬಂದ ಕಾಗದಗಳು 63,182. ಬರೆದ ಉತ್ತರಗಳು 41,855. ಪತ್ತೆಯಾದವರು ಸುಮಾರು 22,000. ನಕಲು ಮಾಡುವ ಕೆಲಸಕ್ಕೆ ಇಳಿಸಿದ್ದರಲ್ಲ, ಆ ಕೈ ಇದು.

ಪತ್ತೆಯಾದವರಲ್ಲಿ ಹೆಚ್ಚಿನವರು ಸತ್ತವರು. ಕೆಲವರು ಬದುಕಿದ್ದರು. ಒಬ್ಬನಂತೂ ತನ್ನ ಹೆಸರನ್ನು ಪಟ್ಟಿಯಲ್ಲಿ ಕಂಡು, ಹೀಗೆ ಊರಿಗೆಲ್ಲ ಸಾರಲು ನಾನೇನು ತಪ್ಪು ಮಾಡಿದ್ದೇನೆ ಎಂದು ಸಿಟ್ಟಿನಿಂದ ಬರೆದ. ಕ್ಲಾರಾ ಅವನನ್ನು ಸುಮ್ಮನೆ ಬಿಡಲಿಲ್ಲ. ನೀವು ಮನೆಯವರನ್ನು ನೆನೆದದ್ದಕ್ಕಿಂತ ಅವರು ನಿಮ್ಮನ್ನು ಹೆಚ್ಚು ನೆನೆದದ್ದೇ ಅವರ ದುರದೃಷ್ಟ, ಕಾಯುತ್ತಲೇ ನಿಮ್ಮ ತಾಯಿ ಸತ್ತರು ಎಂದು ಉತ್ತರ ಬರೆದರು. ನಾಚಿಕೆಯ ಹುಡುಗಿ ಎಂದೆನಲ್ಲ, ಇನ್ನೊಬ್ಬರ ಪರವಾಗಿ ಮಾತನಾಡುವಾಗ ಅವರ ಮಾತು ಹೀಗಿರುತ್ತಿತ್ತು.

ಈ ಕೆಲಸದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ನೆರವು ಡೊರೆನ್ಸ್ ಅಟ್‌ವಾಟರ್ ಎಂಬ ಹುಡುಗನದು. ಹದಿನಾರಕ್ಕೇ ಸೈನ್ಯ ಸೇರಿ, ಸೆರೆ ಸಿಕ್ಕಿ, ಜಾರ್ಜಿಯಾದಲ್ಲಿ ದಕ್ಷಿಣದವರು ನಡೆಸುತ್ತಿದ್ದ ಆಂಡರ್ಸನ್‌ವಿಲ್ ಸೆರೆಶಿಬಿರಕ್ಕೆ ಬಿದ್ದಿದ್ದ. ಹದಿನಾಲ್ಕು ತಿಂಗಳಲ್ಲಿ ಸುಮಾರು 13,000 ಕೈದಿಗಳು ಹಸಿವು, ಭೇದಿ, ಸ್ಕರ್ವಿಯಿಂದ ಸತ್ತ ಜಾಗ ಅದು. ಸತ್ತವರ ದಫ್ತರ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಈ ದಫ್ತರ ಎಂದಿಗೂ ಬಂಧುಗಳ ಕೈ ಸೇರಲಿಕ್ಕಿಲ್ಲ ಎಂದು ಅನುಮಾನಿಸಿ ಹುಡುಗ ಗುಟ್ಟಾಗಿ ಇನ್ನೊಂದು ಪ್ರತಿ ಬರೆದುಕೊಂಡ. ಬಿಡುಗಡೆಯಾದಾಗ ಬಟ್ಟೆಯಲ್ಲಿ ಅಡಗಿಸಿ ತಂದ. ಕ್ಲಾರಾ ಅವರ ಪ್ರಕಟಣೆ ನೋಡಿ, ನನ್ನ ಬಳಿ ಪಟ್ಟಿ ಇದೆ ಎಂದು ಬರೆದ.

1865ರ ಬೇಸಿಗೆಯಲ್ಲಿ ಕ್ಲಾರಾ, ಅಟ್‌ವಾಟರ್ ಮತ್ತು ಸೈನ್ಯದ ಬಡಗಿಗಳ ತಂಡ ಆಂಡರ್ಸನ್‌ವಿಲ್‌ಗೆ ಹೋದರು. ಹೆಣಗಳನ್ನು ಕಾಲುವೆಯಂತೆ ತೋಡಿದ ಗುಂಡಿಗಳಲ್ಲಿ ಒತ್ತೊತ್ತಾಗಿ ಹೂತು, ಪ್ರತಿಯೊಂದರ ಮೇಲೂ ಸಂಖ್ಯೆಯ ಗೂಟ ನೆಟ್ಟಿದ್ದರು. ಗೂಟದಲ್ಲಿ ಸಂಖ್ಯೆ, ಹುಡುಗನ ಪಟ್ಟಿಯಲ್ಲಿ ಆ ಸಂಖ್ಯೆಗೆ ಹೆಸರು. ಒಂದೊಂದನ್ನೇ ತಾಳೆ ನೋಡಿ ಹಲಗೆಗಳ ಮೇಲೆ ಹೆಸರು, ಪಡೆ, ತಾರೀಕು ಬರೆದು ನೆಟ್ಟರು. ಹೆಸರು ಸಿಗದೆ ಉಳಿದವರು ಐದುನೂರಕ್ಕೂ ಕಡಿಮೆ. ಆಗಸ್ಟ್ 17ರಂದು ಆ ಸ್ಮಶಾನದಲ್ಲಿ ಮೊದಲ ಬಾರಿಗೆ ಬಾವುಟ ಏರಿಸಿದವರು ಕ್ಲಾರಾ ಬಾರ್ಟನ್.

ಅಟ್‌ವಾಟರ್‌ನ ಗತಿ ಏನಾಯಿತು ಎಂದು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಪಟ್ಟಿ ಸರಕಾರದ ಸ್ವತ್ತು, ಅದನ್ನು ಕದ್ದಿದ್ದಾನೆ ಎಂದು ಸೈನ್ಯ ಅವನನ್ನು ಹಿಡಿದು, ಕೋರ್ಟ್ ಮಾರ್ಷಲ್ ಮಾಡಿ, ಹದಿನೆಂಟು ತಿಂಗಳ ಕಠಿಣ ಶಿಕ್ಷೆ ಕೊಟ್ಟಿತು. ಶತ್ರುವಿನ ಸೆರೆಯಲ್ಲಿ ಬದುಕಿ ಬಂದವನು ತನ್ನವರ ಜೈಲಿಗೆ ಹೋದ. ಕ್ಲಾರಾ ಕಂಡ ಕಂಡವರಿಗೆಲ್ಲ ಬರೆದು ಹೋರಾಡಿದರು. ಎರಡು ತಿಂಗಳಲ್ಲಿ ಬಿಡುಗಡೆಯಾಯಿತು. 1866ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಆ ಪಟ್ಟಿಯನ್ನು ಪೂರ್ತಿ ಅಚ್ಚು ಹಾಕಿತು. ಅಂದು ಸಾವಿರಾರು ಮನೆಗಳಲ್ಲಿ ಕಾಯುವುದು ನಿಂತು ಅಳು ಶುರುವಾಗಿರಬೇಕು. ಅಳುವುದಕ್ಕೂ ಖಚಿತ ಸುದ್ದಿಯ ಆಸರೆ ಬೇಕು, ಇದನ್ನು ಆ ತಾಯಿ ನನಗೆ ಕಲಿಸಿದ್ದಳು.

ಮುಂದಿನದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವ ಭಾಗ, ಬೇಗ ಹೇಳುತ್ತೇನೆ. ಊರೂರು ಸುತ್ತಿ ಯುದ್ಧದ ಅನುಭವಗಳ ಬಗ್ಗೆ ಭಾಷಣ ಮಾಡಿ ದಣಿದ ಕ್ಲಾರಾ 1868ರಲ್ಲಿ ವೇದಿಕೆಯ ಮೇಲೆಯೇ ದನಿ ಕಳೆದುಕೊಂಡರು. ವಿಶ್ರಾಂತಿಗೆಂದು 1869ರಲ್ಲಿ ಯುರೋಪಿಗೆ ಹೋದರು. ಜಿನೀವಾದಲ್ಲಿ ಡಾಕ್ಟರ್ ಲೂಯಿ ಆಪಿಯಾ ಮತ್ತು ಅವರ ಜೊತೆಗಾರರು ಬಂದು ಒಂದು ಪ್ರಶ್ನೆ ಕೇಳಿದರು: ಗಾಯಾಳುಗಳನ್ನೂ ಅವರ ಆರೈಕೆ ಮಾಡುವವರನ್ನೂ ಯಾವ ಪಕ್ಷವೂ ಮುಟ್ಟಬಾರದೆಂಬ 1864ರ ಒಪ್ಪಂದಕ್ಕೆ ನಿಮ್ಮ ದೇಶ ಏಕೆ ಸಹಿ ಹಾಕಿಲ್ಲ? ಅಂಥ ಒಪ್ಪಂದ ಇದೆಯೆಂಬುದೇ ಕ್ಲಾರಾಗೆ ತಿಳಿದಿರಲಿಲ್ಲ. ಮರುವರ್ಷ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಹತ್ತಿಕೊಂಡಾಗ ಕೆಂಪು ಶಿಲುಬೆಯ, ಅಂದರೆ ರೆಡ್ ಕ್ರಾಸ್ ಗುರುತಿನಡಿ ಕೆಲಸ ಹೇಗೆ ನಡೆಯುತ್ತದೆಂದು ಕಣ್ಣಾರೆ ಕಂಡರು. ಮುತ್ತಿಗೆಯಲ್ಲಿ ನಲುಗಿದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಹೆಂಗಸರಿಗೆ ಬಟ್ಟೆ ದಾನ ಮಾಡುವ ಬದಲು ಹೊಲಿಗೆಯ ಕೆಲಸ ಕೊಟ್ಟು ಕೂಲಿ ಕೊಟ್ಟರು.

ಮರಳಿ ಬಂದು ಸರಕಾರದ ಬಾಗಿಲು ಬಡಿದರು. ಅಧ್ಯಕ್ಷ ಹೇಸ್ ಅವರ ಕಾಲದಲ್ಲಿ ಯಾರೂ ಕಿವಿಗೊಡಲಿಲ್ಲ. ನಮಗೆ ಇನ್ನು ಯುದ್ಧವೇ ಬರುವುದಿಲ್ಲ, ಇದೆಲ್ಲ ಏಕೆ ಎಂಬ ಧೋರಣೆ. ಆಗ ಕ್ಲಾರಾ ವಾದದ ದಿಕ್ಕನ್ನೇ ತಿರುಗಿಸಿದರು. ಯುದ್ಧ ಬರದಿರಬಹುದು, ನೆರೆ ಬರುವುದಿಲ್ಲವೇ? ಬೆಂಕಿ, ಬಿರುಗಾಳಿ, ಸಾಂಕ್ರಾಮಿಕ ಬರುವುದಿಲ್ಲವೇ? ಅವರ ದೊಡ್ಡ ಕಾಣಿಕೆಗಳಲ್ಲಿ ಇದೂ ಒಂದು. 1881ರ ಮೇ 21ರಂದು ಅಮೆರಿಕದ ರೆಡ್ ಕ್ರಾಸ್ ಸ್ಥಾಪನೆಯಾಯಿತು, ಮರುವರ್ಷ ದೇಶ ಒಪ್ಪಂದಕ್ಕೆ ಸೇರಿತು. 1884ರಲ್ಲಿ ಜಿನೀವಾದ ಸಭೆ ಶಾಂತಿಕಾಲದ ವಿಪತ್ತುಗಳಿಗೂ ರೆಡ್ ಕ್ರಾಸ್ ನೆರವಾಗಬಹುದೆಂದು ಒಪ್ಪಿಕೊಂಡಾಗ ಅದಕ್ಕೆ ಅಮೆರಿಕದ ತಿದ್ದುಪಡಿ ಎಂದೇ ಹೆಸರಾಯಿತು. ನಮ್ಮ ದೇಶದ ರೆಡ್ ಕ್ರಾಸ್ ಸಂಸ್ಥೆ ಕಾಯ್ದೆಯ ಮೂಲಕ ಹುಟ್ಟಿದ್ದು 1920ರಲ್ಲಿ. ನೆರೆ ಬಂದ ಊರಿನಲ್ಲಿ ಕೆಂಪು ಶಿಲುಬೆಯ ಗುರುತಿನ ಟಾರ್ಪಾಲು ಕಂಡಾಗ, ಯುದ್ಧಕ್ಕೆಂದು ಹುಟ್ಟಿದ ಗುರುತು ಇಲ್ಲಿಗೆ ಹೇಗೆ ಬಂತು ಎಂದು ನಿಮಗೆ ಅನ್ನಿಸಿದ್ದರೆ, ಅದರ ಹಿಂದಿನ ಕಥೆಯಲ್ಲಿ ಕ್ಲಾರಾ ಇದ್ದಾರೆ.

1889ರ ಮೇ 31ರಂದು ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಪಟ್ಟಣದ ಮೇಲಿನ ಅಣೆಕಟ್ಟು ಒಡೆದು 2,209 ಜನ ಸತ್ತರು. ಐದಾರು ದಿನಗಳಲ್ಲಿ ಅಲ್ಲಿಗೆ ಬಂದ ಕ್ಲಾರಾಗೆ 67 ವರ್ಷ. ಐದು ತಿಂಗಳು ಅಲ್ಲೇ ಉಳಿದರು. 1893ರಲ್ಲಿ ದಕ್ಷಿಣ ಕೆರೊಲಿನಾದ ದ್ವೀಪಗಳಿಗೆ ಚಂಡಮಾರುತ ಬಡಿಯಿತು. ಮನೆಮಾರು ಕಳೆದುಕೊಂಡ ಸುಮಾರು 30,000 ಜನರಲ್ಲಿ ಬಹುಪಾಲು ಮೂವತ್ತು ವರ್ಷದ ಹಿಂದಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕರಿಯರು ಮತ್ತು ಅವರ ಮಕ್ಕಳು. ಸಂಸತ್ತು ಹಣ ಕೊಡಲಿಲ್ಲ. ಕ್ಲಾರಾ ಹತ್ತು ತಿಂಗಳು ಅಲ್ಲಿದ್ದು, ವಾರದ ಪಡಿ ಕೊಟ್ಟು, ಉಪ್ಪುನೀರು ನಿಂತ ಹೊಲಗಳಿಗೆ ಕಾಲುವೆ ತೋಡಿಸಿ, ಬೀಜ ಹಂಚಿ, ಜನ ತಾವೇ ಬೆಳೆದುಕೊಳ್ಳುವ ಹೊತ್ತಿಗೆ ಹೊರಟರು. 1900ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಿರುಗಾಳಿಯ ಹೊತ್ತಿಗೆ ಅವರಿಗೆ 78. ಅಲ್ಲಿನ ರೈತರಿಗೆ ಹಂಚಿದ್ದು ಹತ್ತು ಲಕ್ಷಕ್ಕೂ ಹೆಚ್ಚು ಸ್ಟ್ರಾಬೆರಿ ಸಸಿಗಳನ್ನು. ಅನ್ನ ಕೊಟ್ಟ ಮೇಲೆ ಸಸಿ ಕೊಡಬೇಕೆಂಬುದು ಅವರು ಎಲ್ಲ ಕಡೆಯೂ ಪಾಲಿಸಿದ ಕ್ರಮ.

ಅವರಲ್ಲಿ ದೋಷವಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅಧಿಕಾರ ಹಂಚಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ಒಂದು ಬಂಡಿಯನ್ನು ನಡೆಸಿದ ಹಾಗೆ ಇಡೀ ಸಂಸ್ಥೆಯನ್ನು ಒಬ್ಬರೇ ನಡೆಸಿದರು, ತಮ್ಮ ಹಣವನ್ನೂ ಸಂಸ್ಥೆಯ ಹಣವನ್ನೂ ಒಂದೇ ಚೀಲದಲ್ಲಿ ಇಟ್ಟಂತೆ ಲೆಕ್ಕ ಬರೆದರು. ಸಂಸ್ಥೆ ಬೆಳೆದಂತೆ ಇದು ನಡೆಯುವಂಥದ್ದಲ್ಲ. ವಿರೋಧ ಎದ್ದಿತು, ವಿಚಾರಣೆ ಆಯಿತು. ಅಪ್ರಾಮಾಣಿಕತೆ ಸಾಬೀತಾಗಲಿಲ್ಲ. ಆದರೂ 1904ರಲ್ಲಿ, 82ನೆಯ ವಯಸ್ಸಿನಲ್ಲಿ, ತಾವೇ ಕಟ್ಟಿದ ಸಂಸ್ಥೆಯಿಂದ ಹೊರಬಂದರು. ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಅವರನ್ನು ಕಳಿಸಿಕೊಟ್ಟ ರೀತಿಯಲ್ಲಿ ಮಾತ್ರ ಕೃತಜ್ಞತೆ ಇರಲಿಲ್ಲ. ಮರುವರ್ಷವೇ ಅವರು ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಇನ್ನೊಂದು ಸಂಘ ಆರಂಭಿಸಿದರು.

ಕೊನೆಯ ವರ್ಷಗಳನ್ನು ಕಳೆದದ್ದು ಮೇರಿಲ್ಯಾಂಡಿನ ಗ್ಲೆನ್ ಎಕೋದಲ್ಲಿ. ಜಾನ್ಸ್‌ಟೌನ್ ನೆರೆಯಲ್ಲಿ ನಿರಾಶ್ರಿತರಿಗೆ ಕಟ್ಟಿದ್ದ ವಸತಿಗಳ ಮರಮುಟ್ಟನ್ನು ತಂದು ಕಟ್ಟಿದ ಮನೆ ಅದು. ಮೊದಲಿಗೆ ಅದು ರೆಡ್ ಕ್ರಾಸ್‌ನ ಉಗ್ರಾಣವಾಗಿತ್ತು. ಹಜಾರದ ಎರಡೂ ಬದಿಯ ಗೋಡೆಗಳೊಳಗೆ ಕಂಬಳಿ, ಬ್ಯಾಂಡೇಜು ಇಡುವ ಕಪಾಟುಗಳು. 1912ರ ಏಪ್ರಿಲ್ 12ರಂದು ಅದೇ ಮನೆಯಲ್ಲಿ ತೀರಿಕೊಂಡರು. ಈಗ ಅದು ಸರಕಾರ ಕಾಪಾಡುತ್ತಿರುವ ಸ್ಮಾರಕ.

ಏಳನೆಯ ಬೀದಿಯ ಆ ಕಚೇರಿ ಏನಾಯಿತು? ಕಾಲ ಕಳೆದಂತೆ ಕೆಳಗಿನ ಅಂಗಡಿಗಳು ಬದಲಾದವು, ಮೇಲಿನ ಅಂತಸ್ತನ್ನು ಮುಚ್ಚಿಬಿಟ್ಟರು, ಜನ ಮರೆತರು. 1996ರಲ್ಲಿ ಕಟ್ಟಡವನ್ನು ಕೆಡವುವ ಮುನ್ನ ನೋಡಿ ಬರಲು ಸರಕಾರದ ಬಡಗಿಯೊಬ್ಬರನ್ನು ಕಳಿಸಿದರು. ಅಟ್ಟದ ಸಂದಿಯಿಂದ ಕಾಗದವೊಂದು ಇಣುಕುತ್ತಿತ್ತು. ಹತ್ತಿ ನೋಡಿದರೆ ಹಳೆಯ ಪತ್ರಿಕೆಗಳು, ಬಟ್ಟೆ, ಮುದ್ರಿತ ಪಟ್ಟಿಗಳು, ಒಂದು ತಗಡಿನ ಫಲಕ. ಕಾಣೆಯಾದ ಸಿಪಾಯಿಗಳ ಕಚೇರಿ, ಮೂರನೆಯ ಅಂತಸ್ತು, ಒಂಬತ್ತನೆಯ ಕೋಣೆ, ಮಿಸ್ ಕ್ಲಾರಾ ಬಾರ್ಟನ್ ಎಂದು ಅದರ ಮೇಲೆ ಬರೆದಿತ್ತು. ಆ ಬಡಗಿ ಹಟ ಹಿಡಿದು ಕಟ್ಟಡ ಕೆಡವದಂತೆ ನೋಡಿಕೊಂಡರು. ಇಂದು ಅದು ವಸ್ತುಸಂಗ್ರಹಾಲಯ. ನಿಮ್ಮಲ್ಲಿ ಯಾರಾದರೂ ಮುಂದೆ ಆ ಕಡೆ ಹೋದರೆ ಮೆಟ್ಟಿಲು ಹತ್ತಿ ಒಂಬತ್ತನೆಯ ಕೋಣೆಯ ಬಾಗಿಲನ್ನು ನೋಡಿ ಬನ್ನಿ. ಕಾಗದ ಒಳಗೆ ಹಾಕಲೆಂದು ಕೊರೆದ ಸೀಳು ಅದರಲ್ಲಿ ಇನ್ನೂ ಇದೆ.